ಟವರಿನ ಮೇಲಿನ ಮಂಗಳ

ಮೂರನೆಯ ಸಲ ಫ್ಯಾನ್ ಆರಿಸಿದ ಚಿಕ್ಕ ಮಗಳು ಈ ಬಾರಿ ಸ್ವಿಚ್ಚಿಗೇ ಬೆನ್ನು ಆನಿಸಿ ನಿಂತುಬಿಟ್ಟಳು.

"ಯಾರೂ ಹಾಕ್ಬೇಡಿ ಅಂತ ಎಷ್ಟು ಸಲ ಹೇಳೋದು? ಗಾಳಿಗೆ ಅಪ್ಪನ ಕಣ್ಣು ಒಣಗಿಬಿಡುತ್ತೆ. ಆಸ್ಪತ್ರೆಯವರು ಬಂದು ಹೋಗೋವರೆಗೂ ಸ್ವಲ್ಪ ತಡ್ಕೊಳ್ಳಿ."

"ತಡ್ಕೋತೀವಮ್ಮ, ಅದಕ್ಕೇನಂತೆ," ಎಂದಳು ಎದುರುಮನೆಯಾಕೆ, ಮಡಿಸಿದ ಪೇಪರಿನಿಂದ ಕುತ್ತಿಗೆಗೆ ಗಾಳಿ ಹಾಕಿಕೊಳ್ಳುತ್ತಾ. ಮೂರು ಸಲವೂ ಫ್ಯಾನ್ ಹಾಕಿದ್ದು ಅವಳೇ.

ನಡುಬೇಸಿಗೆಯ ಬೆಳಗು. ದುಃಖ ಎಷ್ಟಿದ್ದರೇನು, ಸೆಕೆ ಯಾರ ಮುಲಾಜೂ ನೋಡುವುದಿಲ್ಲ. ಹಜಾರದಲ್ಲಿ ಗೋಡೆಗೆ ಒರಗಿ ಕೂತವರ ಬೆನ್ನಿಗೆ ಬಟ್ಟೆ ಅಂಟಿಕೊಂಡಿತ್ತು. ನಡುವೆ ಮಂಚದ ಮೇಲೆ ಮನೆಯ ಯಜಮಾನರು ಮಲಗಿದ್ದರು. ತಲೆಯ ಕೆಳಗೆ ಎರಡು ದಿಂಬು, ಮುಚ್ಚಿದ ಎರಡೂ ಕಣ್ಣುಗಳ ಮೇಲೆ ಒದ್ದೆ ಹತ್ತಿ. ಬಸ್ ಡಿಪೋದಲ್ಲಿ ಜೀವಮಾನವೆಲ್ಲ ಸೀಟು ಹೊಲಿದವರು. ಡಿಪೋದವರಿಗೆ ಸೀಟು ಮಾಸ್ತರು, ಮೊಮ್ಮಕ್ಕಳಿಗೆ ಆಕಾಶದಜ್ಜ. ಬೆಳಗಿನ ಜಾವ ಎದೆ ಹಿಡಿದುಕೊಂಡು ಎದ್ದು ಕೂತವರು ಹೆಂಡತಿ ನೀರು ತರುವಷ್ಟರಲ್ಲಿ ಹೋಗಿಬಿಟ್ಟಿದ್ದರು.

ಆ ಹೆಂಡತಿ ಅವರ ಕಾಲ ಬಳಿ ಕೂತಿದ್ದಳು. ಬೀದಿಯ ಪ್ರತಿ ಮನೆಯ ಟೀವಿಯ ಮೇಲೂ ಅವಳು ಹೆಣೆದ ಲೇಸಿನ ಹೊದಿಕೆ ಇದ್ದುದರಿಂದ ಎಲ್ಲರ ಬಾಯಲ್ಲೂ ಅವಳು ಲೇಸಮ್ಮ. ಬಂದವರು ಅವಳ ಕೈಹಿಡಿದು ಏನೇನೋ ಹೇಳಿ ಹೋಗುತ್ತಿದ್ದರು. ಅವಳು ತಲೆಯಾಡಿಸುತ್ತಿದ್ದಳು, ಕಿವಿ ಮಾತ್ರ ಬೀದಿಯ ಕಡೆಗಿತ್ತು. ಗಾಡಿಯ ಸದ್ದಾದರೆ ಬಾಗಿಲ ಕಡೆ ತಿರುಗುತ್ತಿದ್ದಳು.

ಬೇಸಿಗೆಗೆಂದು ಮೊನ್ನೆಯಷ್ಟೇ ಇಬ್ಬರು ಹೆಣ್ಣುಮಕ್ಕಳೂ ಮಕ್ಕಳೊಂದಿಗೆ ಬಂದಿಳಿದಿದ್ದರು, ದೊಡ್ಡ ಅಳಿಯನೂ ಜೊತೆಗೆ. ಅಪ್ಪನ ಉಸಿರು ನಿಂತ ಗಳಿಗೆಯಲ್ಲಿ ದೊಡ್ಡವಳು ಅಳುತ್ತಾ ಕೂತರೆ, ಚಿಕ್ಕವಳು ಅಳುತ್ತಲೇ ಕಣ್ಣಿನ ಆಸ್ಪತ್ರೆಗೆ ಫೋನು ಮಾಡಿದ್ದಳು. ಕಣ್ಣು ಕೊಡುತ್ತೇನೆಂದು ಅಪ್ಪ ಹಿಂದೆ ಯಾವಾಗಲೋ ಡಿಪೋದ ಗೆಳೆಯರ ಜೊತೆ ಹೋಗಿ ಬರೆದುಕೊಟ್ಟು ಬಂದದ್ದು ಮನೆಯವರಿಗೆಲ್ಲ ಗೊತ್ತಿತ್ತು.

ಗೊತ್ತಿಲ್ಲದ್ದು ಇನ್ನೊಂದು. ಆ ಕಣ್ಣುಗಳು ಕೆಟ್ಟು ಎಷ್ಟೋ ವರ್ಷವಾಗಿತ್ತು. ಅದು ಗೊತ್ತಿದ್ದದ್ದು ಈ ಭೂಮಿಯ ಮೇಲೆ ಇಬ್ಬರಿಗೆ, ಗಂಡನಿಗೆ ಮತ್ತು ತನಗೆ ಎಂದು ಲೇಸಮ್ಮ ನಂಬಿದ್ದಳು. ಈಗ ಆಸ್ಪತ್ರೆಯವರು ಬರುತ್ತಾರೆ, ರೆಪ್ಪೆ ಎತ್ತಿ ನೋಡುತ್ತಾರೆ, ತುಂಬಿದ ಹಜಾರದಲ್ಲಿ "ಇದೇನ್ರೀ, ಕಣ್ಣು ಹೋಗಿ ಕಾಲವಾಗಿದೆಯಲ್ಲ!" ಎನ್ನುತ್ತಾರೆ. ಪ್ರತಿ ಬೇಸಿಗೆಯೂ ತಾರಸಿಯ ಮೇಲೆ ನಿಂತು ಮಕ್ಕಳಿಗೆಲ್ಲ ನಕ್ಷತ್ರ ತೋರಿಸಿದ ಮನುಷ್ಯ ಸತ್ತ ದಿನವೇ ಸುಳ್ಳುಗಾರನಾಗುತ್ತಾನೆ. ಬೇಡವೆಂದು ತಡೆಯೋಣವೆಂದರೆ, ಅವರು ಕೊಟ್ಟ ಮಾತು ಮುರಿದವಳು ತಾನಾಗುತ್ತಾಳೆ. ಅತ್ತ ದರಿ, ಇತ್ತ ಪುಲಿ.

"ಅತ್ತಿಗೆ, ನೀವೊಂದು ಮಾತು ಹೇಳಿ," ಎಂದ ಮೈದುನ ಪಕ್ಕಕ್ಕೆ ಬಂದು ಕುಕ್ಕರಗಾಲಲ್ಲಿ ಕೂತು. "ನಮ್ಮಣ್ಣನ್ನ ಇಡಿಯಾಗಿ ಕಳಿಸ್ಕೊಡೋಣ. ಈ ಹುಡುಗೀರ ಮಾತು ಕೇಳ್ಕೊಂಡು ಕಣ್ಣು ತೆಗೆಸೋದು ನನಗಂತೂ ಸರಿ ಕಾಣಲ್ಲ."

"ಚಿಕ್ಕಪ್ಪ, ಅದು ಅಪ್ಪನ ಆಸೆ," ಎಂದಳು ಸ್ವಿಚ್ಚಿನ ಕಾವಲಲ್ಲಿದ್ದ ಚಿಕ್ಕವಳು.

"ನಾನು ಅತ್ತಿಗೇನ ಕೇಳಿದ್ದು."

ಹತ್ತಿ ಒಣಗಿತ್ತು. ಲೇಸಮ್ಮ ಎದ್ದು ಲೋಟದ ನೀರಿನಲ್ಲಿ ಅದ್ದಿ, ಹಿಂಡಿ, ಮತ್ತೆ ಗಂಡನ ಕಣ್ಣುಗಳ ಮೇಲೆ ಇಟ್ಟಳು.

*

ಆ ಮನೆಯಲ್ಲಿ ಬೇಸಿಗೆ ಎಂದರೆ ತಾರಸಿ. ಸೂರ್ಯ ಇಳಿಯುತ್ತಲೇ ಬಕೆಟ್ಟುಗಟ್ಟಲೆ ನೀರು ಹೊಯ್ದು ಸಿಮೆಂಟಿನ ಕಾವು ಇಳಿಸಬೇಕು, ಆಮೇಲೆ ಕುರ್ಚಿಗಳು ಮೇಲೆ ಬರಬೇಕು. ಡಿಪೋದಲ್ಲಿ ಉಳಿದ ರೆಕ್ಸಿನ್ ತುಂಡುಗಳನ್ನು ಕೇಳಿ ತಂದು ಸೀಟು ಮಾಸ್ತರು ಮನೆಯ ಒಬ್ಬೊಬ್ಬರಿಗೂ ಒಂದೊಂದು ಒರಗು ಕುರ್ಚಿ ಹೊಲಿದಿದ್ದರು. ಅಂಗಡಿಯ ಕುರ್ಚಿಯಲ್ಲಿ ಒರಗಿದರೆ ಗೋಡೆ ಕಾಣುತ್ತದೆ, ಇವರ ಕುರ್ಚಿಯಲ್ಲಿ ಒರಗಿದರೆ ನೆಟ್ಟಗೆ ಆಕಾಶ ಕಾಣುತ್ತಿತ್ತು. ಹಾಗೆಂದೇ ಬೆನ್ನಿನ ಇಳಿಜಾರು ಅಳೆದು ಹೊಲಿದದ್ದು. ಮಕ್ಕಳು ಬೆಳೆದ ಹಾಗೆ ಕುರ್ಚಿಗಳ ಹೊಲಿಗೆ ಬಿಚ್ಚಿ ಉದ್ದ ಮಾಡುತ್ತಿದ್ದರು, ಫ್ರಾಕಿನ ಅಂಚು ಬಿಚ್ಚಿದ ಹಾಗೆ.

"ಉತ್ತರಕ್ಕೆ ನೋಡ್ರಿ, ನಮ್ಮ ಸೌಟು. ಪುಸ್ತಕದಲ್ಲಿ ಸಪ್ತರ್ಷಿ ಅಂತಾರೆ. ಸೌಟಿನ ಹಿಡಿ ಬಾಗಿದೆಯಲ್ಲ, ಅದರ ಹಿಂದೆಯೇ ಹೋದ್ರೆ ಸ್ವಾತಿ. ಇನ್ನೂ ಮುಂದಕ್ಕೆ ಹೋದ್ರೆ ಚಿತ್ತೆ. ದಾರಿ ತಪ್ಪೋ ಮಾತೇ ಇಲ್ಲ."

ಹೆಣ್ಣುಮಕ್ಕಳು ಈ ಮಾತು ಕೇಳುತ್ತಾ ಬೆಳೆದರು, ಮದುವೆಯಾಗಿ ಹೋದರು, ಮಕ್ಕಳನ್ನು ಕಟ್ಟಿಕೊಂಡು ಅದೇ ಮಾತು ಕೇಳಲು ಪ್ರತಿ ಬೇಸಿಗೆ ಬರತೊಡಗಿದರು. ಲೇಸಮ್ಮನಿಗೆ ಆಗ ಆಕಾಶದ ಗೋಜೇ ಇರಲಿಲ್ಲ. ಗಂಡನ ಪಕ್ಕದ ಕುರ್ಚಿಯಲ್ಲಿ ಕೂತು, ಇರುವಷ್ಟು ಬೆಳಕಿನಲ್ಲಿ ಲೇಸು ಹೆಣೆಯುತ್ತಿದ್ದಳು. ಕತ್ತಲಾದರೂ ಅವಳ ಬೆರಳುಗಳಿಗೆ ಕಣ್ಣು ಬೇಕಿರಲಿಲ್ಲ. "ನಿಮ್ಮಮ್ಮನ ನಕ್ಷತ್ರ ಎಲ್ಲಾ ಮಡಿಲಲ್ಲೇ ಇವೆ," ಎಂದು ಅವರು ಚುಡಾಯಿಸುತ್ತಿದ್ದರು.

ನಿವೃತ್ತಿಯಾದ ಮೇಲೆ ಒಂದು ಸಂಜೆ, ಮನೆಯಲ್ಲಿ ಇಬ್ಬರೇ ಇದ್ದಾಗ, ಅವರು ಸೌಟು ಹುಡುಕಿ ಹುಡುಕಿ ಸೋತರು. ಮೋಡವೆಂದುಕೊಂಡರು. ಮೋಡ ಇರಲಿಲ್ಲ. ಕಣ್ಣಿನೊಳಗೆ ಒತ್ತಡ ಹೆಚ್ಚಿ ಹಿಂದಿನ ನರ ಒಣಗುತ್ತಿದೆ, ಹೋದದ್ದು ಮರಳುವುದಿಲ್ಲ, ಇರುವುದನ್ನು ಔಷಧಿ ಹಾಕಿ ಉಳಿಸಿಕೊಳ್ಳಿ ಎಂದರು ಡಾಕ್ಟರು. ಹಗಲಲ್ಲಿ ಕೊಳವೆಯಿಂದ ನೋಡಿದ ಹಾಗೆ ಎದುರಿನದ್ದಷ್ಟು ಕಾಣುತ್ತಿತ್ತು. ಮನೆಯೊಳಗೆ ರೂಢಿಯ ಮೇಲೆ ಓಡಾಡಿಕೊಂಡಿದ್ದರು. ಕತ್ತಲಾದರೆ ಏನೂ ಇಲ್ಲ.

"ಮಕ್ಕಳಿಗೆ ಹೇಳ್ಬೇಡ ಕಣೇ," ಎಂದರು ಆಸ್ಪತ್ರೆಯಿಂದ ಬರುವಾಗ ಬಸ್ಸಿನಲ್ಲಿ.

"ಹೇಳದೆ ಇದ್ರೆ ಹೇಗ್ರೀ? ಮಕ್ಕಳಲ್ವಾ?"

"ಹೇಳಿದ್ರೆ ಬೇಸಿಗೆಗೆ ಬರ್ತಾರೆ, ಬರಲ್ಲ ಅಂತಲ್ಲ. ಆದ್ರೆ ನನ್ನನ್ನ ನೋಡೋಕೆ ಬರ್ತಾರೆ. ಈಗ ನನ್ನ ಜೊತೆ ನೋಡೋಕೆ ಬರ್ತಾರೆ. ಎರಡೂ ಒಂದೇನಾ?"

ಅಷ್ಟು ಹೇಳಿ ಅವರು ಮುಂದಿನ ಸೀಟಿನ ಹೊಲಿಗೆಯನ್ನು ಬೆರಳಿನಲ್ಲಿ ತಡವಿ, "ಇದು ನನ್ನದಲ್ಲ, ಯಾರೋ ಅರ್ಧಂಬರ್ಧ ಕಲಿತವನದು," ಎಂದು ನಕ್ಕರು.

ಆ ವರ್ಷದಿಂದ ಲೇಸಮ್ಮ ತಲೆಯೆತ್ತಿ ನೋಡಲು ಕಲಿತಳು. ಇಳಿವಯಸ್ಸಿನಲ್ಲಿ, ಗಂಡನ ಹತ್ತಿರವೇ ಪಾಠ. ಮಕ್ಕಳು ಬಂದಾಗ ಅವಳು ಗಂಡನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಳ್ಳುತ್ತಿದ್ದಳು. ಬೆರಳುಗಳ ತುದಿ ಉತ್ತರ, ಮಣಿಕಟ್ಟು ದಕ್ಷಿಣ. ಲೇಸು ಹೆಣೆಯುವ ಕ್ರೋಶಾ ಕಡ್ಡಿಯ ತುದಿಯಿಂದ ಅಂಗೈಯ ಮೇಲೆ ಚುಕ್ಕಿ ಒತ್ತುವಳು: ಇಲ್ಲಿ ಸೌಟು, ಇಲ್ಲಿ ಸ್ವಾತಿ, ಗುರು ಇಲ್ಲಿ ಮೇಲೆ ಬಂದಿದೆ. ಮರುಗಳಿಗೆ ಅವರ ಇನ್ನೊಂದು ಕೈ ಆಕಾಶಕ್ಕೆ ಏಳುತ್ತಿತ್ತು. "ಅಗೋ ನೋಡ್ರಿ, ಸ್ವಾತಿ!" ಒಮ್ಮೆಯೂ ಬೆರಳು ತಡವರಿಸಿದ್ದಿಲ್ಲ. "ಈ ವಯಸ್ಸಲ್ಲಿ ಕೈ ಕೈ ಹಿಡ್ಕೊಂಡು ಕೂರ್ತಾರಪ್ಪ," ಎಂದು ಹೆಣ್ಣುಮಕ್ಕಳು ನಗುತ್ತಿದ್ದರು. ನಾಚಿಕೆಯಾದರೂ ಲೇಸಮ್ಮ ಕೈ ಬಿಟ್ಟವಳಲ್ಲ.

ತಪ್ಪಿದ್ದು ಒಂದೇ ಸಲ, ಕಳೆದ ಬೇಸಿಗೆ. ದೊಡ್ಡವಳ ಮಗಳು, "ಅಜ್ಜ, ಮಂಗಳ ಎಲ್ಲಿ?" ಎಂದು ಕೇಳಿದಳು. ಗಂಡನ ಅಂಗೈ ಅವಸರದಿಂದ ಲೇಸಮ್ಮನ ಕೈಯನ್ನು ಅದುಮಿತು. ಲೇಸಮ್ಮನ ಮೂಗಿನ ಮೇಲಿದ್ದದ್ದು ಹೆಣಿಗೆಯ ಕನ್ನಡಕ. ಮನೆಗಳ ಸಾಲಿನ ಮೇಲೆ ಕೆಳಗೆಲ್ಲೋ ಒಂದು ಕೆಂಪು ಚುಕ್ಕಿ ಮಸುಕಾಗಿ ಕಂಡಿತು. ಒತ್ತಿದಳು, ಗೆದ್ದೆನೆಂದುಕೊಂಡು ಮತ್ತೆ ಹೆಣಿಗೆಗೆ ತಲೆ ಬಗ್ಗಿಸಿದಳು. "ಅಗೋ, ನೀರಿನ ಟ್ಯಾಂಕಿನ ಎಡಕ್ಕೆ, ಕೆಂಪಗೆ," ಎಂದರು ಅವರು. "ಗ್ರಹದ ಗುರುತೇ ಅದು. ನಕ್ಷತ್ರ ಮಿಟುಕಿಸುತ್ತೆ, ಗ್ರಹ ಮಿಟುಕಿಸಲ್ಲ." ಎಲ್ಲರೂ "ಓ" ಎಂದರು. ಮರುದಿನ ಮಕ್ಕಳು ಹೊರಟುಹೋದ ಮೇಲೆ, ದೂರದ ಕನ್ನಡಕ ಹಾಕಿಕೊಂಡು ಬಟ್ಟೆ ತೆಗೆಯಲು ಹೋದಾಗ ಅವಳಿಗೆ ಕಂಡದ್ದು ಹೊಸ ಮೊಬೈಲ್ ಟವರು, ಅದರ ನೆತ್ತಿಯ ಮೇಲೆ ಕೆಂಪು ದೀಪ. ಗಂಡನಿಗೆ ಹೇಳಿದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಪುಣ್ಯಕ್ಕೆ ಯಾರ ಗಮನಕ್ಕೂ ಬರಲಿಲ್ಲ ಎಂದು ಸಮಾಧಾನಪಟ್ಟುಕೊಂಡರು.

*

ಸ್ಕೂಟರು ಬಂದು ನಿಂತಿತು. ಕನ್ನಡಕದ, ತೆಳ್ಳಗಿನ ಹುಡುಗಿಯೊಬ್ಬಳು ಹೆಲ್ಮೆಟ್ ತೆಗೆದು, ಹಿಂದಿನ ಸೀಟಿಗೆ ಕಟ್ಟಿದ್ದ ಡಬ್ಬಿ ಬಿಚ್ಚಿಕೊಂಡು ಒಳಗೆ ಬಂದಳು. ಮಂಚದ ಮುಂದೆ ಒಂದು ಕ್ಷಣ ತಲೆ ಬಗ್ಗಿಸಿ ನಿಂತು, ಒದ್ದೆ ಹತ್ತಿಯನ್ನೂ ನಿಂತ ಫ್ಯಾನನ್ನೂ ನೋಡಿ, "ತುಂಬಾ ಚೆನ್ನಾಗಿ ನೋಡ್ಕೊಂಡಿದೀರ," ಎಂದಳು. ಎದುರುಮನೆಯಾಕೆ ತಾನೇ ನೋಡಿಕೊಂಡವಳ ಹಾಗೆ ಪೇಪರು ಪಕ್ಕಕ್ಕಿಟ್ಟಳು.

"ಅಮ್ಮ, ಕೆಲವು ವಿಷಯ ಕೇಳ್ಬೇಕು, ಬೇಜಾರು ಮಾಡ್ಕೋಬೇಡಿ. ಷುಗರ್, ಬೀಪಿ ಇತ್ತಾ? ಕಣ್ಣಿಗೆ ಏನಾದ್ರೂ..."

"ಬೇಡ," ಎಂದಳು ಲೇಸಮ್ಮ.

ಹುಡುಗಿ ನಿಲ್ಲಿಸಿದಳು.

"ಕಣ್ಣು ಕೊಡಲ್ಲ. ನೀನು ಹೋಗಮ್ಮ. ಬಿಸಿಲಲ್ಲಿ ಸುಮ್ನೆ ಓಡಾಡಿಸಿದ್ವಿ, ಕ್ಷಮಿಸು."

"ಅದನ್ನೇ ನಾನು ಬೆಳಿಗ್ಗೆಯಿಂದ ಬಡ್ಕೋತಿರೋದು!" ಎಂದ ಮೈದುನ.

ಚಿಕ್ಕವಳು ಸ್ವಿಚ್ಚು ಬಿಟ್ಟು ಬಂದು ಅಮ್ಮನ ರಟ್ಟೆ ಹಿಡಿದು ಅಡಿಗೆಮನೆಗೆ ಕರೆದೊಯ್ದಳು. ಹಿಂದೆಯೇ ದೊಡ್ಡವಳು, ಅವಳ ಹಿಂದೆ ದೊಡ್ಡ ಅಳಿಯ. ಬೆಳಗಿನಿಂದ ಒಲೆ ಹಚ್ಚದ ಅಡಿಗೆಮನೆ ನಾಲ್ಕು ಜನರಿಗೇ ತುಂಬಿಹೋಯಿತು.

"ಏನಮ್ಮ ಇದು? ಅಪ್ಪ ಎಷ್ಟು ಆಸೆಪಟ್ಟಿದ್ರು!" ಎಂದಳು ಚಿಕ್ಕವಳು.

"ನನ್ನನ್ನ ಏನೂ ಕೇಳ್ಬೇಡ. ಹೇಳೋಕಾಗಲ್ಲ. ಮಾತು ಕೊಟ್ಟಿದೀನಿ."

"ಅಪ್ಪನಿಗೆ ಕಣ್ಣು ಕಾಣ್ತಿರಲಿಲ್ಲ ಅನ್ನೋದನ್ನ ಹೇಳಲ್ಲ ಅಂತಾನಾ?"

ಲೇಸಮ್ಮ ಕಟ್ಟೆ ಹಿಡಿದುಕೊಂಡಳು. ಮಗಳ ಮುಖ ನೋಡಿದಳು, ದೊಡ್ಡವಳ ಮುಖ ನೋಡಿದಳು. ಎರಡರಲ್ಲೂ ಆಶ್ಚರ್ಯದ ಸುಳಿವಿಲ್ಲ.

"ಯಾರು ಹೇಳಿದ್ದು ನಿಮಗೆ?"

"ಯಾರು ಹೇಳ್ಬೇಕಮ್ಮ?" ಎಂದಳು ದೊಡ್ಡವಳು ಮೂಗು ಒರೆಸಿಕೊಳ್ಳುತ್ತಾ. "ನನಗೆ ಮೊದಲು ಅನುಮಾನ ಬಂದಿದ್ದು ನಿನ್ನ ಮೇಲೆ. ಜನ್ಮದಲ್ಲಿ ತಲೆ ಎತ್ತಿ ನೋಡದೋಳು ಒಂದು ವರ್ಷ ಕತ್ತು ಉಳುಕೋ ಹಾಗೆ ಆಕಾಶ ನೋಡ್ತಾ ಕೂತೆ. ಇವಳಿಗೆ ಹೇಳಿದ್ರೆ, ಇವಳಿಗೆ ಆಗ್ಲೇ ಗೊತ್ತಿತ್ತು."

"ಅಷ್ಟು ಸಾಲ್ದು ಅಂತ ಕಳೆದ ವರ್ಷ ಮಂಗಳ ಬೇರೆ," ಎಂದ ದೊಡ್ಡ ಅಳಿಯ ಬಾಗಿಲಲ್ಲಿ ನಿಂತು. ಟವರು ಕಟ್ಟುವ ಕಂಪನಿಯಲ್ಲಿ ಅವನಿಗೆ ಕೆಲಸ. "ಅತ್ತೆ, ಆ ಟವರಿಗೆ ದೀಪ ಹಾಕಿಸಿದ್ದೇ ನಾನು. ಮಾವ ಅದಕ್ಕೆ ಬೆರಳು ತೋರಿಸಿ ಗ್ರಹ ಮಿಟುಕಿಸಲ್ಲ ಅಂತಿದಾರೆ, ಅದು ನೋಡಿದ್ರೆ ಒಂದೇ ಸಮನೆ ಮಿಟುಕಿಸ್ತಾ ಇದೆ!"

"ಮಿಟುಕಿಸ್ತಿತ್ತಾ?" ಎಂದಳು ಲೇಸಮ್ಮ ಗಾಬರಿಯಿಂದ.

"ಮತ್ತೆ? ನನ್ನ ಮಗಳು ಅಜ್ಜ ಅಂತ ಬಾಯಿ ತೆಗೆದಳು, ನಾನು ಆ ಬಾಯಿಗೆ ಒಂದು ಹಿಡಿ ಕಡಲೆಕಾಯಿ ತುಂಬಿದೆ."

ಚಿಕ್ಕವಳಿಗೆ ನಗು ಬಂತು. ಸಾವಿನ ಮನೆಯೆಂದು ಸೆರಗು ಬಾಯಿಗೆ ಒತ್ತಿಕೊಂಡಳು, ನಗು ಅಳುವಾಯಿತು. ಲೇಸಮ್ಮ ಅಲ್ಲೇ ಮಣೆಯ ಮೇಲೆ ಕುಸಿದು ಕೂತಳು. ಇಷ್ಟು ವರ್ಷ ಗಂಡಹೆಂಡತಿ ಸೇರಿ ಮಕ್ಕಳ ಕಣ್ಣಿಗೆ ಮಣ್ಣೆರಚುತ್ತಿದ್ದೇವೆ ಅಂದುಕೊಂಡರೆ, ಮಕ್ಕಳು ಕಣ್ಣು ಬಿಟ್ಟುಕೊಂಡೇ ಎರಚಿಸಿಕೊಂಡಿದ್ದರು. ಗಂಡನಿಗೆ ಇದನ್ನು ಹೇಳಬೇಕು ಎನ್ನಿಸಿತು, ಈಗಲೇ ಎದ್ದು ಹೋಗಿ ಹೇಳಬೇಕು. ಹೇಳಲು ಅವರಿಲ್ಲ ಎನ್ನುವುದು ಬೆಳಗಿನಿಂದ ಆಗ ಮೊದಲ ಸಲ ಅವಳಿಗೆ ನಿಜವಾಗಿ ನಾಟಿತು. ಅವಳು ಜೋರಾಗಿ ಅತ್ತಳು. ಹೆಣ್ಣುಮಕ್ಕಳಿಬ್ಬರೂ ಅವಳ ಎರಡು ಪಕ್ಕದಲ್ಲಿ ನೆಲದ ಮೇಲೆ ಕೂತರು.

"ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲೇ," ಎಂದಳು ಲೇಸಮ್ಮ ಕೊನೆಗೆ.

"ಹೇಳಿದ್ರೆ ಅಪ್ಪ ತಾರಸಿಗೆ ಬರ್ತಿದ್ರಾ?" ಎಂದಳು ದೊಡ್ಡವಳು.

ಬರುತ್ತಿರಲಿಲ್ಲ. ಅದು ಲೇಸಮ್ಮನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು.

"ಆದ್ರೂ ಕೆಟ್ಟ ಕಣ್ಣು ಕಣೇ ಅದು. ಯಾರಿಗೆ ಏನು ಉಪಯೋಗ? ಅವರೇ ಅಂತಿದ್ರು, ನನ್ನ ಕಣ್ಣು ಹಾಕಿಸ್ಕೊಂಡೋನು ಹುಡುಕ್ಕೊಂಡು ಬಂದು ಬೈತಾನೆ ಅಂತ."

ಡಬ್ಬಿಯ ಹುಡುಗಿ ಅಳಿಯನ ಹಿಂದೆ ಬಂದು ನಿಂತಿದ್ದಳು. "ಬರಬಹುದಾ?" ಎಂದು ಕೇಳಿ ಒಳಗೆ ಬಂದು ಲೇಸಮ್ಮನ ಎದುರು ಮಂಡಿಯೂರಿದಳು.

"ನಿಮ್ಮ ಮಗಳು ಫೋನಲ್ಲೇ ಎಲ್ಲಾ ಹೇಳಿದಾರೆ ಅಮ್ಮ. ನಾನು ಕೇಳಿದ್ದು ಬರೀ ಪದ್ಧತಿಗೆ, ತಪ್ಪಾಯ್ತು. ನೋಡಿ, ಮನೆಯೊಳಗೆ ವೈರು ಸುಟ್ಟುಹೋದ್ರೆ ಕಿಟಕಿ ಗಾಜು ಕೆಡುತ್ತಾ?"

"ಇಲ್ಲ."

"ಅಪ್ಪಾಜಿಯವರಿಗೆ ಕೆಟ್ಟಿದ್ದು ಹಿಂದಿನ ವೈರು. ನಮಗೆ ಬೇಕಾಗಿರೋದು ಮುಂದಿನ ಗಾಜು ಮಾತ್ರ. ಗಾಜು ಮಬ್ಬಾಗಿ ಬೆಳಕು ಕಾಣದೆ ಇರೋರು ಬೇಕಾದಷ್ಟು ಜನ ಕಾಯ್ತಿದಾರೆ. ಪರೀಕ್ಷೆ ಮಾಡಿಯೇ ಹಾಕೋದು. ನನಗೆ ಅನ್ಸುತ್ತೆ, ಇವರದ್ದು ಚೆನ್ನಾಗಿದೆ."

"ಹಾಕಿಸ್ಕೊಂಡೋರಿಗೆ..." ಲೇಸಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅವರಿಗೆ ನಕ್ಷತ್ರ ಕಾಣುತ್ತಾ?"

ಹುಡುಗಿ ಕೂಡಲೇ ಹೂಂ ಎನ್ನಲಿಲ್ಲ.

"ಎಲ್ಲಾ ಸರಿ ಹೋದ್ರೆ ಕಾಣುತ್ತೆ ಅಮ್ಮ. ಆದ್ರೆ ಅವರು ತಲೆ ಎತ್ತಿ ನೋಡ್ಬೇಕು."

*

ಹಜಾರಕ್ಕೆ ಮರಳಿದಾಗ ಎಲ್ಲರ ಮುಖವೂ ಅವಳ ಕಡೆ ತಿರುಗಿತು. ಮೈದುನ ಎದ್ದು ನಿಂತಿದ್ದ.

"ಕೊಡೋಣ," ಎಂದಳು ಲೇಸಮ್ಮ.

"ಅತ್ತಿಗೆ, ಈಗ್ತಾನೆ ಬೇಡ ಅಂದ್ರಿ."

"ಈಗ ಬೇಕು ಅಂತಿದೀನಿ. ನಿಮ್ಮಣ್ಣ ಕೊಡ್ತೀನಿ ಅಂದಿದ್ದನ್ನ ನಾವು ಇಟ್ಕೊಂಡು ಏನ್ಮಾಡೋದಿದೆ?"

ಮೈದುನ ಅಣ್ಣನ ಮುಖವನ್ನು ಬಹಳ ಹೊತ್ತು ನೋಡಿದ. ಆಮೇಲೆ ಹುಡುಗಿಯ ಕಡೆ ತಿರುಗಿ, ಸೋತವನ ಧ್ವನಿಯಲ್ಲಲ್ಲ, ಹೆಮ್ಮೆಯಿಂದ ಹೇಳಿದ: "ಜೋಪಾನಮ್ಮ. ಅಂಥಿಂಥ ಕಣ್ಣಲ್ಲ ಅದು. ಈ ವಯಸ್ಸಲ್ಲೂ ನಮ್ಮಣ್ಣ ಕತ್ತಲಲ್ಲಿ ನಕ್ಷತ್ರ ಎಣಿಸೋನು. ಬೇಕಾದ್ರೆ ಅತ್ತಿಗೇನ ಕೇಳು."

ಅಡಿಗೆಮನೆಯ ಬಾಗಿಲಲ್ಲಿ ಹೆಣ್ಣುಮಕ್ಕಳಿಬ್ಬರೂ ಉಸಿರು ಬಿಗಿಹಿಡಿದರು. ದೊಡ್ಡ ಅಳಿಯ ಸೂರು ನೋಡಿದ.

"ಹೌದಮ್ಮ," ಎಂದಳು ಲೇಸಮ್ಮ. "ಇವರ ಹಾಗೆ ಯಾರೂ ನೋಡ್ತಿರಲಿಲ್ಲ."

ಎಲ್ಲರೂ ಅಂಗಳಕ್ಕೆ ಹೋದರು. ಬಾಗಿಲು ಮುಚ್ಚಿತು. ಹೊರಗೆ ಗೋಡೆಯ ನೆರಳಿನಲ್ಲಿ ಡಿಪೋದವರು ಗಂಟಲು ತಗ್ಗಿಸಿ ಸೀಟು ಮಾಸ್ತರ ಕಾಲದ ಮಾತಾಡುತ್ತಿದ್ದರು. ಅವರ ಹೊಲಿಗೆಯ ಬಸ್ಸುಗಳಲ್ಲಿ ಒಂದೆರಡು ಇನ್ನೂ ಓಡುತ್ತಿವೆಯಂತೆ. ಮೊಮ್ಮಗಳು ಬಂದು ಅಜ್ಜಿಯ ಪಕ್ಕ ನಿಂತಳು. ಕಾಫಿ ಆರುವಷ್ಟು ಹೊತ್ತಿಗೆ ಬಾಗಿಲು ತೆರೆಯಿತು. ಮಂಚದ ಮೇಲೆ ಅವರು ಮೊದಲಿನ ಹಾಗೆಯೇ ಮಲಗಿದ್ದರು, ರೆಪ್ಪೆ ಮುಚ್ಚಿ, ಮಧ್ಯಾಹ್ನದ ನಿದ್ದೆಯವರಂತೆ. ಮೈದುನ ಹತ್ತಿರ ಹೋಗಿ ಬಗ್ಗಿ ನೋಡಿ, ಸಮಾಧಾನದಿಂದ ಅಣ್ಣನ ಕೂದಲು ಸರಿಮಾಡಿದ.

ಹುಡುಗಿ ಡಬ್ಬಿ ಎತ್ತಿಕೊಂಡು ಹೊರಬಂದಳು. ಯಾರೂ ಹೇಳದಿದ್ದರೂ ಅಂಗಳದ ಜನ ಎರಡು ಕಡೆ ಸರಿದು ದಾರಿ ಬಿಟ್ಟರು. ಕೂತಿದ್ದ ಡಿಪೋದವರು ಎದ್ದು ನಿಂತರು. ಹುಡುಗಿ ಸ್ಕೂಟರಿನ ಹಿಂದಿನ ಸೀಟಿನ ಮೇಲೆ ಡಬ್ಬಿ ಇಟ್ಟು ರಬ್ಬರಿನ ಹಗ್ಗ ಎಳೆಯತೊಡಗಿದಳು.

"ಮುಂದೆ ಇಟ್ಕೊಳ್ಳಮ್ಮ," ಎಂದಳು ಗೇಟಿನವರೆಗೆ ಬಂದಿದ್ದ ಲೇಸಮ್ಮ. "ಹಿಂದೆ ಕೂತ್ರೆ ಅವರಿಗೇನೂ ಕಾಣಲ್ಲ."

ಹುಡುಗಿ ನಗಲಿಲ್ಲ. ಹಗ್ಗ ಬಿಚ್ಚಿ ಡಬ್ಬಿಯನ್ನು ಮುಂದೆ, ತನ್ನ ಎರಡು ಪಾದಗಳ ನಡುವೆ, ಅಲುಗದ ಹಾಗೆ ಇಟ್ಟುಕೊಂಡಳು. ಸ್ಕೂಟರು ನಿಧಾನವಾಗಿ ಬೀದಿಯುದ್ದಕ್ಕೂ ಹೋಯಿತು, ತಿರುವಿನಲ್ಲಿ ಒಂದು ಲಾರಿಗೆ ದಾರಿ ಬಿಟ್ಟು ನಿಂತಿತು, ಆಮೇಲೆ ದೊಡ್ಡ ರಸ್ತೆಯ ಬಿಸಿಲಿಗೆ ಇಳಿಯಿತು. ಅಲ್ಲಿ ಎಷ್ಟು ಬೆಳಕಿತ್ತೆಂದರೆ, ಗೇಟಿನ ಬಳಿ ನಿಂತವರೆಲ್ಲ ಹಣೆಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದರು.